ಕಾಂಗ್ರೆಸ್‌ಗೆ ಓಟು ಹಾಕುವ ಪ್ರಗತಿಪರರಿಗೆ ಆ ಪಕ್ಷದ ನಾಯಕರ ಮೇಲೆ ಯಾಕಿಷ್ಟು ಸಿಟ್ಟು?

ನೀವು ಕೇಳಿದ್ದು ಇಷ್ಟು: "ಪ್ರಗತಿಪರರು ಅನ್ನಿಸಿಕೊಂಡವರು ಬಿಜೆಪಿಯನ್ನೂ ಬೈತಾರೆ, ತಾವೇ ಓಡಾಡಿ ಗೆಲ್ಲಿಸಿದ ಕಾಂಗ್ರೆಸ್ಸನ್ನೂ ಬೈತಾರೆ. ಇವರಿಗೆ ಬೇಕಾಗಿರೋದಾದ್ರೂ ಏನು?"

ಎಲ್ಲರ ಪರವಾಗಿ ಹೇಳಲು ನನ್ನಿಂದ ಆಗದು. ನನ್ನದನ್ನು ಹೇಳುತ್ತೇನೆ. ನಾನು ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಿಯಾದವಳು. ನೌಕರಿಯಲ್ಲಿದ್ದಾಗ ಯಾವ ಪಕ್ಷದ ಪರವಾಗಿಯೂ ಬಾಯಿ ಬಿಡುವ ಹಾಗಿರಲಿಲ್ಲ. 2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ಆ ಕಟ್ಟು ಇರಲಿಲ್ಲ. ನಾವು ಏಳೆಂಟು ಹೆಂಗಸರು ಕೈಯಿಂದ ಖರ್ಚು ಮಾಡಿಕೊಂಡು ಓಣಿ ಓಣಿ ತಿರುಗಿದೆವು. ಕಾಂಗ್ರೆಸ್ 135 ಸೀಟು ಗೆದ್ದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಹೊರಗಿನವರ ಸಿಟ್ಟಲ್ಲ.

ಆ ಸಿಟ್ಟಿನ ಬೇರು 2015ರ ಬೇಸಿಗೆಯಲ್ಲಿದೆ.

ಆ ವರ್ಷ ಏಪ್ರಿಲ್ 11ಕ್ಕೆ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಜನ ಜಾತಿ ಗಣತಿ ಅಂತಲೇ ಕರೆದರು. ಸಿದ್ದರಾಮಯ್ಯ ಮುಖ್ಯಮಂತ್ರಿ, ಹಿಂದುಳಿದ ವರ್ಗಗಳ ಆಯೋಗಕ್ಕೆ ಎಚ್. ಕಾಂತರಾಜ ಅಧ್ಯಕ್ಷರು. ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ನಮ್ಮಂಥ ಶಿಕ್ಷಕರ ಪಾಲಿಗೆ ಬಂತು. ರಜೆ ಹೋಯಿತು ಅಂತ ಗೊಣಗಿದವರೇ ಜಾಸ್ತಿ. ನನಗೆ ಮಾತ್ರ ಖುಷಿ ಇತ್ತು. ಯಾರ ಮಕ್ಕಳು ನಾಲ್ಕನೇ ಇಯತ್ತೆಗೆ ಶಾಲೆ ಬಿಡುತ್ತಾರೆ ಅಂತ ಹಾಜರಿ ಪುಸ್ತಕ ನೋಡಿ ನೋಡಿ ನನಗೆ ಗೊತ್ತಿತ್ತು. ಅದು ಒಂದು ಸಲ ಸರ್ಕಾರದ ಕಾಗದದ ಮೇಲೂ ಬರಲಿ ಅನ್ನುವ ಆಸೆ.

ಒಂದು ಮಧ್ಯಾಹ್ನ ಊರ ಹೊರಗಿನ ಹೆಳವರ ಗುಡಾರಗಳಿಗೆ ಹೋದೆ. ಹೆಳವರು ನಿಮಗೆ ಗೊತ್ತಿರಬಹುದು. ಎತ್ತು ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಒಕ್ಕಲು ಮನೆಗಳ ಬಾಗಿಲಲ್ಲಿ ನಿಂತು ಆ ಮನೆತನದ ಹಿರಿಯರ ಹೆಸರು ಒಂದೊಂದಾಗಿ ಹೇಳಿ, ಕಾಳು ಪಡೆದು ಮುಂದೆ ಹೋಗುತ್ತಾರೆ. ಜಾಲಿ ಗಿಡದ ಕೆಳಗೆ ಒಬ್ಬ ಅಜ್ಜ ಕೂತಿದ್ದ. ಅರಿವೆಯಲ್ಲಿ ಸುತ್ತಿಟ್ಟ ವಹಿ ಬಿಚ್ಚಿ ತೋರಿಸಿದ. ಅಂಚು ಕರಗಿ ಹೋದ ಹಾಳೆಗಳು, ಒತ್ತೊತ್ತಾಗಿ ಬರೆದ ಅಕ್ಷರ. ನಮ್ಮೂರಿನ ಗೌಡರ ಮನೆಯವರ ಹೆಸರೆಲ್ಲ ಅದರಲ್ಲಿತ್ತು. ಆಮೇಲೆ ಅಂದ: "ನಿಮ್ಮೂರವ್ರ ಏಳು ತಲಿ ಲೆಕ್ಕ ನಮ್ಮ ಹಂತ್ಯಾಕ ಐತ್ರಿ ಅಕ್ಕೋರ. ನಮ್ಮ ಲೆಕ್ಕ ಬರ್ಕೊಳ್ಳಾಕ ಇವತ್ತ ಒಬ್ರು ಬಂದ್ರಿ ನೋಡ್ರಿ."

ನಾನು ಫಾರಂ ತುಂಬಿದೆ. ಐವತ್ತಕ್ಕೂ ಹೆಚ್ಚು ಪ್ರಶ್ನೆ. ಜಮೀನು ಎಷ್ಟು? ಇಲ್ಲ. ಮನೆಯಲ್ಲಿ ಸರ್ಕಾರಿ ನೌಕರರು? ಇಲ್ಲ. ಓದು? ಶಾಲೆ ಮೆಟ್ಟಿಲು ಹತ್ತಿಲ್ಲ ಅಂದ. ಅಷ್ಟು ಹಾಳೆ ತಾನೇ ಬರೆದವನ ಮುಂದೆ ಕೂತು "ಅನಕ್ಷರಸ್ಥ" ಅಂತ ಬರೆಯಲು ನನ್ನ ಕೈ ಏಳಲಿಲ್ಲ. "ಓದು ಬರಹ ಬಲ್ಲವರು" ಅಂತ ಬರೆದೆ. ಏಳುವಾಗ ಅಜ್ಜ ಹೆಂಡತಿಗೆ ಹೇಳಿ ತಂಬಿಗೆಯಲ್ಲಿ ನೀರು ಕೊಡಿಸಿದ. ಇದು ಬೆಂಗಳೂರಿಗೆ ಹೋಗುತ್ತೆ, ಮೊಮ್ಮಕ್ಕಳಿಗೆ ಉಪಯೋಗ ಆಗುತ್ತೆ ಅಂತ ನಾನು ಮಾತು ಕೊಟ್ಟು ಬಂದೆ. ಆ ಮಾತನ್ನು ನೆನೆಸಿಕೊಂಡರೆ ಈಗಲೂ ಎದೆ ಹಿಂಡುತ್ತದೆ.

ಸುಮಾರು 160 ಕೋಟಿ ರೂಪಾಯಿ ಖರ್ಚಾಯಿತು. ಮೇ ಕೊನೆಗೆ ಮನೆಮನೆ ತಿರುಗುವ ಕೆಲಸ ಮುಗಿಯಿತು. ವರದಿ ಮಾತ್ರ ಹೊರಗೆ ಬರಲಿಲ್ಲ. 2018ರವರೆಗೆ ಅದೇ ಸಿದ್ದರಾಮಯ್ಯ ಸರ್ಕಾರ ಇತ್ತು, ತರಲಿಲ್ಲ. ಆಮೇಲೆ ಬಂದ ಕುಮಾರಸ್ವಾಮಿ ಸರ್ಕಾರ, ಬಿಜೆಪಿ ಸರ್ಕಾರಗಳೂ ತರಲಿಲ್ಲ. ಬಿಜೆಪಿ ತರುತ್ತೆ ಅಂತ ನಾನು ಕಾದಿರಲೂ ಇಲ್ಲ.

ಈಗ ದಿಲ್ಲಿ ನಾಯಕರ ವಿಷಯಕ್ಕೆ ಬರುತ್ತೇನೆ. 2023ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿ ಕೋಲಾರದ ಸಭೆಯಲ್ಲಿ ಮಾತಾಡಿದರು. ಕೇಂದ್ರದ ಬಳಿ ಇರುವ 2011ರ ಜಾತಿ ಅಂಕಿಅಂಶ ಬಹಿರಂಗ ಮಾಡಿ ಅಂತ ಪ್ರಧಾನಿಗೆ ಸವಾಲು ಹಾಕಿದರು. ಜನಸಂಖ್ಯೆ ಎಷ್ಟೋ ಹಕ್ಕೂ ಅಷ್ಟೇ ಅಂದರು. ನಾನು ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ದೇಶದ ತುಂಬ ಜಾತಿ ಗಣತಿ ಆಗಬೇಕು ಅಂತ ನಿರ್ಣಯ ಮಾಡಿತು. ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ಅವರದೇ ಸರ್ಕಾರ. ಬಿಹಾರದವರು ಆಗಷ್ಟೇ ತಮ್ಮ ಲೆಕ್ಕ ಹೊರಗೆ ಹಾಕಿದ್ದರು. ನಮ್ಮದು ಎಂಟು ವರ್ಷದಿಂದ ಬೀರುವಿನಲ್ಲೇ ಇತ್ತು.

ನವೆಂಬರ್ ಬಂತು. ಆ ವರದಿ ತಿರಸ್ಕರಿಸಿ, ಹೊಸದಾಗಿ ಮಾಡಿಸಿ ಅನ್ನುವ ಒಕ್ಕಲಿಗರ ಮನವಿಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಸಹಿ ಹಾಕಿದರು. ಆಗ ಅವರು ಪಕ್ಷದ ರಾಜ್ಯ ಅಧ್ಯಕ್ಷರೂ ಆಗಿದ್ದರು. ಲಿಂಗಾಯತ ಶಾಸಕರ ವಿರೋಧವೂ ಅಷ್ಟೇ ಜೋರಾಗಿತ್ತು. ಪಕ್ಷದ ರಾಷ್ಟ್ರೀಯ ನಿರ್ಣಯ ಒಂದು, ಪಕ್ಷದ ರಾಜ್ಯ ಅಧ್ಯಕ್ಷರ ಸಹಿ ಇನ್ನೊಂದು. ದಿಲ್ಲಿಯಿಂದ ಯಾರೂ ಒಂದು ಮಾತು ಕೇಳಲಿಲ್ಲ.

2024ರ ಫೆಬ್ರವರಿ 29ಕ್ಕೆ, ಅಷ್ಟು ಹೊತ್ತಿಗೆ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದ ಜಯಪ್ರಕಾಶ್ ಹೆಗ್ಡೆ ಅದೇ ಸಮೀಕ್ಷೆಯ ವರದಿ ಕೊಟ್ಟರು. ಸಂಪುಟದ ಮುಂದೆ ಬರಲು ಮತ್ತೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. 2025ರ ಜೂನ್ 10ರಂದು ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರೂ ದಿಲ್ಲಿಗೆ ಹೋದರು. ಖರ್ಗೆ, ರಾಹುಲ್ ಗಾಂಧಿ, ವೇಣುಗೋಪಾಲ್ ಜೊತೆ ಸಭೆ. ಎರಡೇ ದಿನದಲ್ಲಿ ಸಂಪುಟದ ತೀರ್ಮಾನ ಬಂತು: ಹೊಸ ಸಮೀಕ್ಷೆ. ಹತ್ತು ವರ್ಷಕ್ಕೊಮ್ಮೆ ಹಿಂದುಳಿದ ವರ್ಗಗಳ ಪಟ್ಟಿ ಪರಿಷ್ಕರಿಸಬೇಕು ಅಂತ ಆಯೋಗದ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತೆ, ಹಳೆಯದಕ್ಕೆ ಹತ್ತು ವರ್ಷ ಆಯ್ತಲ್ಲ ಅಂದರು.

ಹತ್ತು ವರ್ಷ ಆಗುವವರೆಗೆ ಅದನ್ನು ಇಟ್ಟುಕೊಂಡು ಕೂತವರು ಯಾರು? ನಾನು ಬಿಸಿಲಲ್ಲಿ ಬರೆದ ಹಾಳೆ ತಾನಾಗಿ ಹಳತಾಗಲಿಲ್ಲ. ಅದನ್ನು ಹಳತು ಮಾಡಿದರು.

ಆಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಕದ ತೆಲಂಗಾಣದಲ್ಲೂ ಕಾಂಗ್ರೆಸ್ ಸರ್ಕಾರವೇ. 2024ರ ನವೆಂಬರ್‌ನಲ್ಲಿ ಮನೆಮನೆ ಸಮೀಕ್ಷೆ ಶುರು ಮಾಡಿ, 2025ರ ಫೆಬ್ರವರಿಗೆ ಅಂಕಿಅಂಶ ಸದನದಲ್ಲಿ ಇಟ್ಟರು. ಮೂರು ತಿಂಗಳು. ನಮ್ಮಲ್ಲಿ ಆಗದ್ದಕ್ಕೆ ಕಾರಣ ಹಾಳೆಯಲ್ಲಿರಲಿಲ್ಲ, ಧೈರ್ಯದಲ್ಲಿತ್ತು. ಇದೇ ರಾಜ್ಯದಲ್ಲಿ ದೇವರಾಜ ಅರಸು 1972ರಲ್ಲಿ ಹಾವನೂರು ಆಯೋಗ ಮಾಡಿ, 1975ರಲ್ಲಿ ವರದಿ ಬಂದಾಗ ಎದುರಾದ ಕೂಗಾಟಕ್ಕೆ ಹೆದರದೆ 1977ರಲ್ಲಿ ಮೀಸಲಾತಿ ಆದೇಶ ಹೊರಡಿಸಿದರು. ಆಗಲೂ ಪ್ರಬಲ ಜಾತಿಗಳ ಶಾಸಕರು ಇದ್ದರಲ್ವಾ? ಅರಸು ಇವತ್ತಿಗೂ ಕಾಂಗ್ರೆಸ್ ವೇದಿಕೆಗಳ ಫೋಟೋದಲ್ಲಿ ಇರುತ್ತಾರೆ. ಅವರು ಮಾಡಿದ ಕೆಲಸದ ಬಗೆ ಯಾರಿಗೂ ನೆನಪಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಜಾತಿ ಗಣತಿಯನ್ನು ಮೊದಲೇ ಮಾಡದೆ ಇದ್ದದ್ದು ನನ್ನ ತಪ್ಪು ಅಂತ ರಾಹುಲ್ ಗಾಂಧಿ 2025ರ ಜುಲೈನಲ್ಲಿ ಸಭೆಯಲ್ಲೇ ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವ ನಾಯಕರು ಕಡಿಮೆ. ಆ ಮಾತು ಕೇಳಿ ನನಗೆ ಗೌರವವೇ ಬಂತು. ಅದರ ಹಿಂದೆಯೇ ನೋವೂ ಬಂತು. ಕರ್ನಾಟಕದ ತಪ್ಪನ್ನು ಸರಿ ಮಾಡುವ ಅಧಿಕಾರ ಅವರ ಕೈಯಲ್ಲೇ ಇತ್ತು, ಅದಕ್ಕೆ ಬರೀ ಒಂದೂವರೆ ತಿಂಗಳ ಹಿಂದೆ ನಡೆದ ಆ ದಿಲ್ಲಿ ಸಭೆಯಲ್ಲಿ.

ಬೇರೆ ವಿಷಯಗಳಲ್ಲೂ ಇದೇ ಪಾಡು. 2022ರ ಮೇನಲ್ಲಿ ಉದಯಪುರದ ಚಿಂತನ ಶಿಬಿರದಲ್ಲಿ ಒಂದು ಕುಟುಂಬಕ್ಕೆ ಒಂದೇ ಟಿಕೆಟ್ ಅಂದರು. ಎರಡನೆಯವರು ಐದು ವರ್ಷ ಪಕ್ಷಕ್ಕೆ ದುಡಿದಿದ್ದರೆ ಮಾತ್ರ ವಿನಾಯಿತಿ. ಎರಡು ವರ್ಷ ಕಳೆದು ಲೋಕಸಭೆ ಚುನಾವಣೆಯ ಪಟ್ಟಿ ಬಂತು. ಚಿಕ್ಕೋಡಿಯಲ್ಲಿ ಮಂತ್ರಿಯ ಮಗಳು, ಬೆಳಗಾವಿಯಲ್ಲಿ ಮಂತ್ರಿಯ ಮಗ, ಬೀದರ್‌ನಲ್ಲಿ ಮಂತ್ರಿಯ ಮಗ, ಚಾಮರಾಜನಗರದಲ್ಲಿ ಮಂತ್ರಿಯ ಮಗ, ದಾವಣಗೆರೆಯಲ್ಲಿ ಮಂತ್ರಿಯ ಹೆಂಡತಿ. ಕಲಬುರಗಿಯಲ್ಲಿ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಖರ್ಗೆಯವರ ಅಳಿಯ. ನಮ್ಮ ಬಾಗಲಕೋಟೆಯಲ್ಲೂ ಪಕ್ಕದ ಜಿಲ್ಲೆಯ ಮಂತ್ರಿಯ ಮಗಳು. ಆ ಹುಡುಗಿಯ ಮೇಲೆ ನನಗೆ ಯಾವ ದೂರೂ ಇಲ್ಲ, ಓಟನ್ನೂ ಅವಳಿಗೇ ಹಾಕಿದೆ. ಆದರೆ ನಮ್ಮ ಜೊತೆ 2023ರಲ್ಲಿ ಓಣಿ ತಿರುಗಿದ ಒಬ್ಬ ಅಂಗನವಾಡಿ ಸಹಾಯಕಿಯ ಮಗಳು, ಡಿಗ್ರಿ ಓದಿದವಳು, ಮಾತಿನಲ್ಲಿ ಚುರುಕು, ಪಟ್ಟಿ ಓದಿ ನನ್ನನ್ನು ಕೇಳಿದಳು: "ಟೀಚರ್, ನಾವು ಬ್ಯಾನರ್ ಕಟ್ಟೋಕೆ ಮಾತ್ರನಾ?" ಅವಳು ಈಗ ಯಾವ ಸಭೆಗೂ ಬರುವುದಿಲ್ಲ. ಕರ್ನಾಟಕದಲ್ಲಿ 28ಕ್ಕೆ 9 ಗೆದ್ದೆವು. ವರ್ಷದ ಹಿಂದೆ 135 ಶಾಸಕರನ್ನು ಗೆಲ್ಲಿಸಿದ ರಾಜ್ಯ ಇದು.

ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ ನೋಡಿ. ಜಾಮೀನು ಸಿಗುವುದೇ ಕಷ್ಟ ಆಗುವ ಹಾಗೆ ಅದನ್ನು ಬಿಗಿ ಮಾಡಿದ್ದು 2008ರಲ್ಲಿ, ಮನಮೋಹನ್ ಸಿಂಗ್ ಸರ್ಕಾರ. 2019ರಲ್ಲಿ ಬಿಜೆಪಿ ಇನ್ನಷ್ಟು ಬಿಗಿ ಮಾಡಿದಾಗ ರಾಜ್ಯಸಭೆಯಲ್ಲಿ ಕಾಂಗ್ರೆಸ್ ಪರವಾಗಿ ಓಟು ಹಾಕಿತು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ, ಆದಿವಾಸಿಗಳ ಪರ ದುಡಿದ ಪಾದ್ರಿ ಸ್ಟ್ಯಾನ್ ಸ್ವಾಮಿ ಅದೇ ಕಾಯ್ದೆಯಡಿ ಬಂಧನದಲ್ಲಿದ್ದಾಗಲೇ 2021ರಲ್ಲಿ ತೀರಿಕೊಂಡರು. 84 ವರ್ಷ. ಕೈ ನಡುಗುತ್ತೆ, ನೀರು ಕುಡಿಯಲು ಒಂದು ಸ್ಟ್ರಾ ಕೊಡಿ ಅಂತ ಕೋರ್ಟಿಗೆ ಹೋಗಬೇಕಾಯಿತು. ಕಾಂಗ್ರೆಸ್ ನಾಯಕರು ದುಃಖ ಹೇಳಿಕೊಂಡರು. ದುಃಖ ನಿಜವೇ ಇರಬಹುದು. ಓಟೂ ನಿಜ.

ಇಷ್ಟೆಲ್ಲ ಹೇಳಿದರೆ ಪಕ್ಷದವರು ಕೊಡುವ ಉತ್ತರ ಒಂದೇ. "ಸುಮ್ನಿರ್ರಿ ಟೀಚರ್, ಅವರು ಬಂದ್ರೆ ನಿಮ್ಮ ಗತಿ ಏನು?" ಈ ಮಾತಲ್ಲಿ ಸತ್ಯ ಇದೆ ಅನ್ನುವುದೇ ನನ್ನ ಕಷ್ಟ. ಶಾಲೆಗೆ ಬರುವ ಹೆಣ್ಣುಮಕ್ಕಳ ತಲೆ ಮೇಲಿನ ಬಟ್ಟೆಗೆ 2022ರಲ್ಲಿ ಏನಾಯಿತು ಅಂತ ನೋಡಿದವಳು ನಾನು. ಹಿಜಾಬ್ ಹಾಕಿಕೊಂಡು ಬಂದವರನ್ನು ಗೇಟಲ್ಲೇ ನಿಲ್ಲಿಸಿದ ಆ ದಿನಗಳು ಮತ್ತೆ ಬರಬಾರದು. ಅದಕ್ಕೇ ಓಟು ಹಾಕುತ್ತೇನೆ. ಆದರೆ ನನ್ನ ಆ ಹೆದರಿಕೆಯನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ನಾವು ಎಲ್ಲಿ ಹೋಗುತ್ತೇವೆ ಅನ್ನುವ ಧೈರ್ಯ ಅವರಿಗೆ. ಲಿಂಗಾಯತರು ಮುನಿಸಿಕೊಂಡರೆ, ಒಕ್ಕಲಿಗರು ಮುನಿಸಿಕೊಂಡರೆ ದಿಲ್ಲಿಯಲ್ಲಿ ಸಭೆ ಆಗುತ್ತೆ. ಹೆಳವರು ಮುನಿಸಿಕೊಂಡರೆ ಯಾರಿಗೂ ಗೊತ್ತೇ ಆಗಲ್ಲ.

ನನಗೆ ಬೇಕಾಗಿರೋದು ಏನು ಅಂತ ಕೇಳಿದಿರಲ್ಲ. ಹೇಳಿದ್ದನ್ನು ಮಾಡುವ ನಾಯಕರು ಬೇಕು. ಅದು ಸಿಗುವವರೆಗೆ ಕೇಳುತ್ತಲೇ ಇರಬೇಕು. ಕೇಳಿದರೆ ಆಗುತ್ತೆ ಅನ್ನುವುದನ್ನೂ ಕಂಡಿದ್ದೇನೆ. ದೇವನಹಳ್ಳಿ ಹತ್ತಿರ ಚನ್ನರಾಯಪಟ್ಟಣ ಹೋಬಳಿಯ ರೈತರು ಕೈಗಾರಿಕೆಗೆ 1,777 ಎಕರೆ ಭೂಮಿ ಬಿಟ್ಟುಕೊಡುವುದಿಲ್ಲ ಅಂತ 1,198 ದಿನ ಕೂತರು. ಬಿಜೆಪಿ ಕಾಲದಲ್ಲಿ ಶುರುವಾದ ಹೋರಾಟ, ಕಾಂಗ್ರೆಸ್ ಬಂದ ಮೇಲೂ ಏಳಲಿಲ್ಲ. 2025ರ ಜೂನ್‌ನಲ್ಲಿ ಪೊಲೀಸರು ಎಳೆದುಕೊಂಡು ಹೋದರು. ಜುಲೈ 15ಕ್ಕೆ ಸಿದ್ದರಾಮಯ್ಯನವರೇ ಭೂಸ್ವಾಧೀನ ಕೈಬಿಟ್ಟೆವು ಅಂದರು. "ನಮ್ಮದೇ ಸರ್ಕಾರ, ಸುಮ್ನಿರೋಣ" ಅಂತ ಆ ರೈತರು ಎದ್ದು ಹೋಗಿದ್ದರೆ ಭೂಮಿ ಉಳಿಯುತ್ತಿತ್ತಾ?

2025ರ ಸೆಪ್ಟೆಂಬರ್ 22ಕ್ಕೆ ಹೊಸ ಸಮೀಕ್ಷೆ ಶುರುವಾಯಿತು. ಈ ಸಲ ಕಾಗದ ಇಲ್ಲ, ಮೊಬೈಲ್ ಆ್ಯಪ್. 60 ಪ್ರಶ್ನೆ. ಕರೆಂಟ್ ಮೀಟರ್ ನೋಡಿ ಮನೆಗಳಿಗೆ ಮೊದಲೇ ನಂಬರ್ ಸ್ಟಿಕರ್ ಅಂಟಿಸಿದ್ದರು. ನಾನಿದ್ದ ಶಾಲೆಯಲ್ಲಿ ಈಗ ಪಾಠ ಮಾಡುವ ಹುಡುಗಿ ಸಮೀಕ್ಷೆಗಾಗಿ ದಸರಾ ರಜೆಯಲ್ಲಿ ಊರು ಸುತ್ತಿದಳು. ಒಂದು ಸಂಜೆ ಫೋನ್ ಮಾಡಿದಳು. ಹೆಳವರ ಗುಡಾರದ ಹತ್ತಿರ ನಿಂತಿದ್ದಾಳೆ, ಮೀಟರ್ ಇಲ್ಲ, ಸ್ಟಿಕರ್ ಇಲ್ಲ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದೆ. ಅಜ್ಜ ತೀರಿಕೊಂಡು ನಾಲ್ಕು ವರ್ಷ ಆಗಿದೆಯಂತೆ. ಮೊಮ್ಮಗ ಮಾತಾಡುತ್ತಿದ್ದಾನೆ.

"ಮೇಡಂ, ಆವಾಗ ಒಬ್ಬರು ಅಕ್ಕೋರು ಬಂದು ಎಲ್ಲಾ ಬರ್ಕೊಂಡು ಹೋಗಿದ್ರು, ಅದೆಲ್ಲಿ ಹೋತು ಅಂತ ಕೇಳ್ತಿದಾನೆ. ಏನು ಹೇಳ್ಲಿ?"

ಇದ್ದದ್ದನ್ನೇ ಹೇಳು ಅಂದೆ. ಬೀರುವಿನಲ್ಲಿ ಇಟ್ಟುಬಿಟ್ಟರು ಅಂತ ಹೇಳು. ಎಷ್ಟು ಹೊತ್ತಾದರೂ ಸರಿ, ನೆಟ್‌ವರ್ಕ್ ಸಿಗುವವರೆಗೆ ಅಲ್ಲೇ ಇರು, ಅವರದ್ದನ್ನು ಬರೆಯದೆ ಬರಬೇಡ ಅಂದೆ. ರಾತ್ರಿ ಎಂಟೂವರೆಗೆ ಆಗಿದೆ ಅಂತ ಮೆಸೇಜು ಹಾಕಿದಳು.