ಸಂಪಾದಕರ ಉತ್ತರ: ಕ್ಯಾನ್ಸರ್ ಖರ್ಚು ಮತ್ತು ಕಾರ್ಖಾನೆ ಮಾಲೀಕರು

ಪ್ರಿಯ ಓದುಗರೇ,

ಪೀಣ್ಯದಿಂದ ನೀವು ಬರೆದ ಪತ್ರ ಓದಿದೆ. ಮಷಿನ್ ಬಿಡಿಭಾಗ ಮಾಡುವ, ನೂರಿಪ್ಪತ್ತು ಜನರ ಕಾರ್ಖಾನೆ ನಿಮ್ಮದು. ಹೋದ ವರ್ಷ ಒಬ್ಬ ಟರ್ನರ್‌ಗೆ (ಲೇಥ್ ಮಷಿನ್ ನಡೆಸುವವರಿಗೆ) ಬಾಯಿ ಕ್ಯಾನ್ಸರ್ ಬಂತು. ಅಕೌಂಟ್ಸ್‌ನಲ್ಲಿರುವ ಒಬ್ಬ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್. ಈ ಸಲ ಗ್ರೂಪ್ ವಿಮೆಯ ರಿನ್ಯೂವಲ್‌ಗೆ ಹೋದರೆ ಪ್ರೀಮಿಯಂ ಒಂದೂವರೆ ಪಟ್ಟಾಗಿದೆ. ನೌಕರರ ತಂದೆ-ತಾಯಿಯರನ್ನು ಪಾಲಿಸಿಯಿಂದ ತೆಗೆಯಿರಿ, ಜೊತೆಗೆ ತಲೆಗಿಷ್ಟು ಅಂತ ಕೊಟ್ಟು ತಪಾಸಣೆ, ಆಸ್ಪತ್ರೆ ಪಟ್ಟಿ ಎಲ್ಲ ಸೇರಿದ ಒಂದು ‘ಕ್ಯಾನ್ಸರ್ ಕೇರ್ ಪ್ರೋಗ್ರಾಂ’ ತಗೊಳ್ಳಿ ಎಂದು ಬ್ರೋಕರ್ ಹೇಳುತ್ತಿದ್ದಾರೆ. ‘ಇದರಿಂದ ನಿಜವಾಗಿ ಖರ್ಚು ಇಳಿಯುತ್ತಾ, ಇಲ್ಲ ಇದೂ ಇನ್ನೊಂದು ಖರ್ಚಾ?’ ಎಂದು ಕೇಳಿದ್ದೀರಿ. ಟರ್ನರ್ ಕೆಲಸಕ್ಕೆ ವಾಪಸ್ ಬರುತ್ತೇನೆ ಅನ್ನುತ್ತಿದ್ದಾರೆ, ಸೂಪರ್‌ವೈಸರ್ ಬೇಡ ಅನ್ನುತ್ತಿದ್ದಾರೆ, ಏನು ಮಾಡಲಿ ಎಂದೂ ಕೇಳಿದ್ದೀರಿ.

ಇಂಥ ಪ್ರೋಗ್ರಾಂಗಳು ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ದೊಡ್ಡ ಕಂಪನಿಗಳು ನೌಕರರ ಆಸ್ಪತ್ರೆ ಬಿಲ್ಲನ್ನು ಬಹುಪಾಲು ತಾವೇ ಕಟ್ಟುತ್ತವೆ. ತಮ್ಮ ಆರೋಗ್ಯ ವೆಚ್ಚ ಏರಲು ಕ್ಯಾನ್ಸರೇ ಮೊದಲ ಕಾರಣ ಎಂದು 2022ರ ಸಮೀಕ್ಷೆಯೊಂದರಲ್ಲಿ ಅವು ಹೇಳಿಕೊಂಡವು. ಅದಕ್ಕೂ ಮೊದಲೇ ವಾಲ್‌ಮಾರ್ಟ್ ತನ್ನ ನೌಕರರಿಗೆ ಮೇಯೋ ಕ್ಲಿನಿಕ್ ಎಂಬ ಹೆಸರಾಂತ ಆಸ್ಪತ್ರೆಯ ತಜ್ಞರ ದಾರಿ ತೆರೆದಿತ್ತು. ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಆಸ್ಪತ್ರೆ 2019ರಲ್ಲಿ ‘ಆಕ್ಸೆಸ್‌ಹೋಪ್’ ಶುರು ಮಾಡಿತು. ಅದರಲ್ಲಿ ರೋಗಿ ಊರು ಬಿಟ್ಟು ಹೋಗಬೇಕಿಲ್ಲ. ತಜ್ಞರು ಫೈಲ್ ನೋಡಿ ಅವರ ಊರಿನ ಡಾಕ್ಟರಿಗೇ ಸಲಹೆ ಕೊಡುತ್ತಾರೆ.

ನಿಮ್ಮ ಲೆಕ್ಕ ಬೇರೆ. ಬಿಲ್ಲು ಕಟ್ಟುವುದು ವಿಮೆ ಕಂಪನಿ, ಆದರೆ ಈ ವರ್ಷದ ಕ್ಲೇಮ್ ನೋಡಿ ಮುಂದಿನ ವರ್ಷದ ಪ್ರೀಮಿಯಂ ಹಾಕುತ್ತಾರೆ. ನೂರಿಪ್ಪತ್ತು ಜನರ ಗುಂಪಿನಲ್ಲಿ ಎರಡು ದೊಡ್ಡ ಕ್ಲೇಮ್ ಬಂದರೆ ಸಾಕು, ಲೆಕ್ಕ ಬುಡಮೇಲು.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಟರ್ನರ್ ಸಂಬಳ ಇಪ್ಪತ್ತು ಸಾವಿರದ ಒಳಗೆ ಎಂದಿದ್ದೀರಿ. ಹಾಗಾದರೆ ಅವರು ಇಎಸ್ಐಗೆ, ಅಂದರೆ ಕಡಿಮೆ ಸಂಬಳದ ನೌಕರರಿಗಾಗಿ ಇರುವ ಸರ್ಕಾರಿ ವಿಮೆಗೆ, ಸೇರಿದವರು ಅಲ್ವಾ? ಅದಕ್ಕೆ ಸೇರಲು ತಿಂಗಳ ಸಂಬಳದ ಮಿತಿ ಇರುವುದು 21,000 ರೂಪಾಯಿ. ಅವರ ಸಂಬಳದ ಮೇಲೆ ನೀವು ಪ್ರತಿ ತಿಂಗಳು ಶೇ. 3.25 ಕಟ್ಟುತ್ತಿದ್ದೀರಿ, ಅವರೂ ಶೇ. 0.75 ಕೊಡುತ್ತಿದ್ದಾರೆ. ಇಎಸ್ಐನಲ್ಲಿ ಚಿಕಿತ್ಸೆ ಖರ್ಚಿಗೆ ಇಷ್ಟೇ ಅನ್ನುವ ಮಿತಿ ಇಲ್ಲ. ಆಶ್ರಿತ ತಂದೆ-ತಾಯಿಗೂ ಸೌಲಭ್ಯ ಇದೆ. ಎರಡು ವರ್ಷ ಇಎಸ್ಐನಲ್ಲಿದ್ದು, ಆ ಅವಧಿಯಲ್ಲಿ ಕನಿಷ್ಠ 156 ದಿನದ ವಂತಿಗೆ ಕಟ್ಟಿದ್ದರೆ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಸಂಬಳದ ಶೇ. 80ರಷ್ಟು ಹಣ ಎರಡು ವರ್ಷದವರೆಗೂ ಸಿಗುತ್ತದೆ. ಯಾವ ಖಾಸಗಿ ಪಾಲಿಸಿ ಇದನ್ನು ಕೊಡುತ್ತದೆ? ಆದರೂ ಅವರ ಆಪರೇಷನ್ ಮತ್ತು ರೇಡಿಯೇಷನ್ ಎರಡೂ ನಿಮ್ಮ ಗ್ರೂಪ್ ಪಾಲಿಸಿ ಮೇಲೆ ಹೋಗಿವೆ.

ಹೀಗೇಕಾಗುತ್ತದೆ ಅನ್ನುವುದು ಗೊತ್ತಿರುವ ವಿಷಯವೇ. ಇಎಸ್ಐ ದಾರಿಯಲ್ಲಿ ಓಡಾಟ ಜಾಸ್ತಿ. ಮೊದಲು ಡಿಸ್ಪೆನ್ಸರಿ, ಆಮೇಲೆ ರಾಜಾಜಿನಗರದ ದೊಡ್ಡ ಆಸ್ಪತ್ರೆ, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಒಪ್ಪಂದದ ಆಸ್ಪತ್ರೆಗೆ ರೆಫರಲ್ ಪತ್ರ. ಬಾಯಲ್ಲಿ ಹುಣ್ಣು ಇಟ್ಟುಕೊಂಡು, ಬಯಾಪ್ಸಿ ರಿಪೋರ್ಟ್ ಕೈಯಲ್ಲಿ ಹಿಡಿದು, ಯಾವ ಕೌಂಟರಿಗೆ ಹೋಗಬೇಕು ಅಂತ ತಿಳಿಯದೆ ನಿಂತ ಮನುಷ್ಯ ಹತ್ತಿರದ ಖಾಸಗಿ ಆಸ್ಪತ್ರೆಗೆ ನಡೆದುಬಿಡುತ್ತಾನೆ. ನಿಮ್ಮ ಎಚ್ಆರ್‌ನಲ್ಲಿ ಒಬ್ಬರಿಗೆ ಈ ಕೆಲಸ ವಹಿಸಿ. ಫಾರಂ ತುಂಬಿಸುವುದು, ಜೊತೆಗೆ ಹೋಗುವುದು, ರೆಫರಲ್ ಅವಧಿ ಮುಗಿಯುವ ಮುಂಚೆ ಹೊಸದು ಮಾಡಿಸುವುದು. ನನ್ನ ಪ್ರಕಾರ ನಿಮ್ಮ ಕಾರ್ಖಾನೆಗೆ ಮೊದಲ ಕ್ಯಾನ್ಸರ್ ಪ್ರೋಗ್ರಾಂ ಇದೇ. ಇದಕ್ಕೆ ಬ್ರೋಕರ್ ಬೇಕಿಲ್ಲ.

ಇಎಸ್ಐ ಮಿತಿ ದಾಟಿದವರಿಗೆ, ಅಂದರೆ ನಿಮ್ಮ ಅಕೌಂಟ್ಸ್ ಸಹೋದ್ಯೋಗಿಯಂಥವರಿಗೆ, ಹೊರಗಿನ ಪ್ರೋಗ್ರಾಂ ಉಪಯೋಗಕ್ಕೆ ಬರಬಹುದು. ಅದರಲ್ಲಿ ಸೆಕೆಂಡ್ ಒಪೀನಿಯನ್ (ಇನ್ನೊಬ್ಬ ತಜ್ಞರ ಅಭಿಪ್ರಾಯ) ಇದೆಯಾ, ಅದನ್ನು ಕೊಡುವವರು ಯಾರು ಅಂತ ಮೊದಲು ಕೇಳಿ. ಕ್ಯಾನ್ಸರ್‌ನಲ್ಲಿ ದುಡ್ಡು ಉಳಿಯುವುದು ಸರಿಯಾದ ಚಿಕಿತ್ಸೆಯನ್ನು ಮೊದಲ ಸಲವೇ ಆರಿಸಿದಾಗ. ಸ್ತನ ಕ್ಯಾನ್ಸರ್ ಆಪರೇಷನ್ ನಂತರದ ರೇಡಿಯೇಷನ್ ನೋಡಿ. ಹಿಂದೆ ಐದು ವಾರ, 25 ಸಲ ಕೊಡುತ್ತಿದ್ದರು. ಎಷ್ಟೋ ರೋಗಿಗಳಿಗೆ 15 ಸಲ ಸಾಕು ಎಂದು ದೊಡ್ಡ ಅಧ್ಯಯನಗಳು ತೋರಿಸಿ ವರ್ಷಗಳಾದವು. ಕೆಲವರಿಗೆ ಒಂದೇ ವಾರದಲ್ಲಿ 5 ಸಲ ಕೊಟ್ಟರೂ ಫಲ ಅಷ್ಟೇ ಎಂದು ಬ್ರಿಟನ್ನಿನ ಅಧ್ಯಯನ 2020ರಲ್ಲಿ ತೋರಿಸಿತು. ಪೀಣ್ಯದಿಂದ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದಿನಾ ಹೋಗಿಬರುವ ಹೆಂಗಸಿಗೆ 25 ದಿನಕ್ಕೂ 15 ದಿನಕ್ಕೂ ಇರುವ ವ್ಯತ್ಯಾಸ ಬರೀ ಬಿಲ್ಲಿನದ್ದಲ್ಲ. ರಜೆ, ಬಸ್ಸು, ಜೊತೆಗೆ ಬರುವ ಗಂಡನ ದಿನಗೂಲಿ, ಎಲ್ಲ ಸೇರಿದೆ.

ಔಷಧಿಯದ್ದೂ ಹೀಗೆಯೇ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ-ಕತ್ತಿನ ಕ್ಯಾನ್ಸರ್ ವಾಸಿಯಾಗದ ಹಂತಕ್ಕೆ ಹೋದವರಿಗೆ ನಿವೊಲುಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ನನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ವಾಡಿಕೆಯ ಡೋಸ್ ಎರಡು ವಾರಕ್ಕೆ 240. ಮಾತ್ರೆಗಳ ಕೀಮೋ ಜೊತೆ ಈ ಚಿಕ್ಕ ಡೋಸ್ ಸೇರಿಸಿದಾಗ ಒಂದು ವರ್ಷ ಬದುಕಿದವರು ಶೇ. 16ರಿಂದ ಶೇ. 43ಕ್ಕೆ ಏರಿದರು. 2023ರಲ್ಲಿ ಪ್ರಕಟವಾದ ಈ ಫಲಿತಾಂಶ ಗೊತ್ತಿರುವ ಡಾಕ್ಟರ್ ಬರೆಯುವ ಚೀಟಿಗೂ ಗೊತ್ತಿಲ್ಲದವರು ಬರೆಯುವ ಚೀಟಿಗೂ ಲಕ್ಷಗಟ್ಟಲೆ ಅಂತರ. ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರೇ ಹೇಳಬೇಕು, ಮಾಲೀಕರಾಗಲಿ ವಿಮೆಯವರಾಗಲಿ ಅಲ್ಲ. ಬಲ್ಲ ಡಾಕ್ಟರ ಹತ್ತಿರಕ್ಕೆ ಫೈಲ್ ತಲುಪಿಸುವ ಕೆಲಸ ಮಾತ್ರ ನಿಮ್ಮದು, ಅದೂ ಚಿಕಿತ್ಸೆ ಶುರುವಾಗುವ ಮುಂಚೆ.

ಇದಕ್ಕೆ ನಮ್ಮ ದೇಶದಲ್ಲೇ ವ್ಯವಸ್ಥೆ ಇದೆ. 2012ರಲ್ಲಿ ಶುರುವಾದ, ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ಈಗ 300ಕ್ಕೂ ಹೆಚ್ಚು ಕೇಂದ್ರಗಳಿವೆ. ಅದರ ತಜ್ಞರ ಅಭಿಪ್ರಾಯವನ್ನು ‘ನವ್ಯ’ ಎಂಬ ಆನ್‌ಲೈನ್ ಸೇವೆಯ ಮೂಲಕ ಮನೆಯಿಂದಲೇ ಪಡೆಯಬಹುದು. ಇದೇ ಗ್ರಿಡ್‌ನ 23 ಆಸ್ಪತ್ರೆಗಳು ಒಟ್ಟಾಗಿ ಚೌಕಾಸಿ ಮಾಡಿ 40 ಔಷಧಿ ಕೊಂಡಾಗ ಉಳಿದದ್ದು ಸುಮಾರು 1,320 ಕೋಟಿ ರೂಪಾಯಿ. ಬ್ರೋಕರ್ ತೋರಿಸುವ ಆಸ್ಪತ್ರೆ ಪಟ್ಟಿಯಲ್ಲಿ ಗ್ರಿಡ್‌ಗೆ ಸೇರಿದವು ಎಷ್ಟಿವೆ ಅಂತ ನೋಡಿ. ಒಂದೂ ಇಲ್ಲದಿದ್ದರೆ ಆ ಪ್ರೋಗ್ರಾಂ ಬೇಡ.

ಅವರ ಪ್ಯಾಕೇಜಿನಲ್ಲಿ ಎಲ್ಲರಿಗೂ ರಕ್ತದ ‘ಟ್ಯೂಮರ್ ಮಾರ್ಕರ್’ ಪರೀಕ್ಷೆ (ಗಡ್ಡೆಯ ಸುಳಿವು ಕೊಡುವ ಅಂಶಗಳನ್ನು ಅಳೆಯುವುದು) ಇದೆ ಎಂದಿದ್ದೀರಿ. ದಯವಿಟ್ಟು ತೆಗೆಸಿ. ಆರೋಗ್ಯವಾಗಿರುವವರಿಗೆ ಆ ಪರೀಕ್ಷೆಗಳನ್ನು ಸುಮ್ನೆ ಮಾಡಿಸಿದರೆ ಸುಳ್ಳು ಗಾಬರಿಯೇ ಹೆಚ್ಚು. ಒಂದು ಸಂಖ್ಯೆ ಏರಿತು ಅಂತ ಸ್ಕ್ಯಾನ್, ಸ್ಕ್ಯಾನ್‌ನಲ್ಲಿ ಏನೋ ಕಂಡಿತು ಅಂತ ಬಯಾಪ್ಸಿ, ತಿಂಗಳುಗಟ್ಟಲೆ ನಿದ್ದೆಗೇಡು. ಆ ದುಡ್ಡಲ್ಲಿ ಬಾಯಿ ನೋಡಿಸಿ! ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬರೀ ಟಾರ್ಚ್ ಬೆಳಕಲ್ಲಿ ಮೂರು ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಮಾಡಿದರು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಇಳಿಯಿತು. ಮುಂಬೈಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದ್ದಕ್ಕೆ, ಐವತ್ತು ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ನಿಮ್ಮ ಶಾಪ್ ಫ್ಲೋರಿನಲ್ಲಿ ಗುಟ್ಕಾ, ಬೀಡಿ ಎಷ್ಟಿದೆ ಅಂತ ನೀವೇ ಬರೆದಿದ್ದೀರಿ. ಬಾಯಿ ಕ್ಯಾನ್ಸರ್ ಮೊದಲ ಸ್ಟೇಜಿನಲ್ಲಿ ಸಿಕ್ಕರೆ ಹಲವರಿಗೆ ಒಂದು ಆಪರೇಷನ್ ಸಾಕಾಗುತ್ತದೆ. ತಡವಾದರೆ ಆಪರೇಷನ್, ರೇಡಿಯೇಷನ್, ಕೀಮೋ ಮೂರೂ ಬೇಕಾಗಬಹುದು.

ತಪಾಸಣೆಯ ಫಲಿತಾಂಶ ಆ ವ್ಯಕ್ತಿಗೆ ಮಾತ್ರ ಹೋಗಬೇಕು. ನಿಮಗೆ ಹೆಸರಿಲ್ಲದ ಲೆಕ್ಕ ಮಾತ್ರ ಸಾಕು. ನೂರಿಪ್ಪತ್ತು ಜನರಲ್ಲಿ ‘ಪ್ಯಾಕಿಂಗ್ ವಿಭಾಗದ ಒಬ್ಬ ಮಹಿಳೆ’ ಅಂದರೂ ಹೆಸರು ಹೇಳಿದಂತೆಯೇ, ಆದ್ದರಿಂದ ವಿಭಾಗವಾರು ಲೆಕ್ಕವನ್ನೂ ಕೇಳಬೇಡಿ. ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದರೆ ಯಾರೂ ಬಾಯಿ ತೆರೆಯುವುದಿಲ್ಲ.

ತಂದೆ-ತಾಯಿಯರ ವಿಷಯ. ಅವರನ್ನು ತೆಗೆದರೆ ಪ್ರೀಮಿಯಂ ಇಳಿಯುವುದು ಖಂಡಿತ, ವಯಸ್ಸಾದವರಲ್ಲೇ ಕ್ಯಾನ್ಸರ್ ಹೆಚ್ಚು. ಆದರೆ ಆ ಖರ್ಚು ಮಾಯವಾಗುವುದಿಲ್ಲ. ಸಂಬಳದ ಅಡ್ವಾನ್ಸ್ ಆಗಿ, ಪಿಎಫ್ ಅರ್ಜಿಯಾಗಿ, ವಾರಗಟ್ಟಲೆ ಗೈರುಹಾಜರಿಯಾಗಿ ನಿಮ್ಮ ಮೇಜಿಗೇ ಬರುತ್ತದೆ. ತೆಗೆಯಬೇಡಿ. ಅವರಿಗೆ ಬೇರೆ ಮಿತಿ ಇಡಿ, ಬಿಲ್ಲಿನ ಒಂದು ಪಾಲು ನೌಕರರು ಕೊಡುವಂತೆ ಮಾಡಿ, ದೊಡ್ಡ ಕಾಯಿಲೆಗೆಂದು ಕಾರ್ಪೊರೇಟ್ ಬಫರ್ (ಒಬ್ಬರ ಮಿತಿ ಮುಗಿದಾಗ ಬಳಸಲು ಇಡೀ ಗುಂಪಿಗೆ ಇಡುವ ಹೆಚ್ಚುವರಿ ಮೊತ್ತ) ಕೇಳಿ. ಮಾತ್ರೆ ರೂಪದ ಕೀಮೋ ಮತ್ತು ಇಮ್ಯುನೊಥೆರಪಿಗೆ (ನಿವೊಲುಮ್ಯಾಬ್‌ನಂಥ, ದೇಹದ ರೋಗನಿರೋಧಕ ಶಕ್ತಿಯನ್ನು ಬಳಸುವ ಚಿಕಿತ್ಸೆಗೆ) ಪಾಲಿಸಿಯಲ್ಲಿ ಎಷ್ಟು ಸಬ್-ಲಿಮಿಟ್ (ಒಳಮಿತಿ) ಇದೆ ಅನ್ನುವುದನ್ನೂ ಓದಿಸಿ. ಇವನ್ನು ಕವರ್ ಮಾಡಲೇಬೇಕು ಎಂದು ವಿಮೆ ಕಂಪನಿಗಳ ಸರ್ಕಾರಿ ನಿಯಂತ್ರಕ ಐಆರ್‌ಡಿಎಐ ಹೇಳಿದೆ, ಆದರೆ ಮಿತಿ ಹಾಕಲು ಕಂಪನಿಗಳಿಗೆ ಅವಕಾಶ ಇದೆ.

ಇನ್ನು ಟರ್ನರ್. ಕೆಲಸಕ್ಕೆ ಬರಬಹುದಾ ಅನ್ನುವುದನ್ನು ಸೂಪರ್‌ವೈಸರ್ ನಿರ್ಧರಿಸುವುದು ಬೇಡ, ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಫಿಟ್‌ನೆಸ್ ಪತ್ರ ತರಿಸಿ. ಬಾಯಿಗೆ ರೇಡಿಯೇಷನ್ ಆದವರಿಗೆ ಎಂಜಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು, ಊಟಕ್ಕೆ ಹೆಚ್ಚು ಹೊತ್ತು ಬೇಕು. ಮಷಿನ್ ಪಕ್ಕ ನೀರಿನ ಬಾಟಲಿಗೆ ಜಾಗ, ಊಟಕ್ಕೆ ಅರ್ಧ ಗಂಟೆ ಹೆಚ್ಚು, ಮೊದಲ ಕೆಲವು ತಿಂಗಳು ನೈಟ್ ಶಿಫ್ಟ್ ಬೇಡ. ಫಾಲೋ-ಅಪ್‌ಗೆ ಹೋಗುವ ದಿನ ಸಂಬಳ ಕತ್ತರಿಸಬೇಡಿ. ಅವರ ಇಎಸ್ಐ ಕಾರ್ಡು ಚಾಲ್ತಿಯಲ್ಲಿದೆಯಾ ಅಂತ ಈ ವಾರವೇ ನೋಡಿ, ಮುಂದಿನ ಸ್ಕ್ಯಾನ್ ಆ ದಾರಿಯಲ್ಲೇ ಆಗಲಿ.

— ಸಂಪಾದಕ