ಸಿ ಭಾಷೆಯಲ್ಲಿ ಕ್ಯಾಲೆಂಡರ್: ಮೊದಲು ಜನವರಿ 1 ಯಾವ ವಾರ ಅಂತ ಹಿಡಿಯಿರಿ

ಇಸವಿ ಕೊಟ್ಟರೆ ಹನ್ನೆರಡು ತಿಂಗಳ ಕ್ಯಾಲೆಂಡರ್ ತೋರಿಸುವ ಪ್ರೋಗ್ರಾಂ ಬರೆಯಬೇಕು, ಸಿ ಭಾಷೆಯಲ್ಲಿ ಲೂಪ್, ಅರೇ ಬಿಟ್ಟರೆ ಬೇರೇನೂ ಬರಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅಷ್ಟು ಬಂದರೆ ಧಾರಾಳ ಆಯಿತು. ಆದರೆ ಸ್ಕ್ರೀನ್ ಮೇಲೆ ಸಾಲುಗಳನ್ನು ಜೋಡಿಸಲು ಈಗಲೇ ಕೂರಬೇಡಿ. ಆ ವರ್ಷದ ಜನವರಿ 1 ಯಾವ ವಾರ ಬೀಳುತ್ತದೆ, ಯಾವ ತಿಂಗಳಿಗೆ ಎಷ್ಟು ದಿನ ಅನ್ನುವುದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ದಿನಗಳ ಲೆಕ್ಕ ಸುಲಭ. ಹನ್ನೆರಡು ಸಂಖ್ಯೆಯ ಒಂದು ಅರೇ ಮಾಡಿಕೊಳ್ಳಿ, ಅಧಿಕ ವರ್ಷವಾದರೆ ಫೆಬ್ರವರಿಗೆ 29 ಹಾಕಿ. ಅಧಿಕ ವರ್ಷ ಅಂದರೆ 4ರಿಂದ ಭಾಗವಾದರೆ ಸಾಲದು. 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾಗಬೇಕು. ಹಾಗಾಗಿ 2000 ಅಧಿಕ ವರ್ಷ, 1900 ಅಲ್ಲ. ಈಗಿನ ಎಕ್ಸೆಲ್ ಕೂಡ 1900ರಲ್ಲಿ ಫೆಬ್ರವರಿ 29 ಇತ್ತು ಅಂತಲೇ ನಂಬಿಕೊಂಡಿದೆ. ಲೋಟಸ್ 1-2-3 ಅನ್ನುವ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಹಾಗೆ ಲೆಕ್ಕ ಹಾಕುತ್ತಿತ್ತು, ಅದಕ್ಕೆ ಹೊಂದಿಕೊಳ್ಳಲೆಂದು ಎಕ್ಸೆಲ್‌ನವರೂ ಹಾಗೇ ಬಿಟ್ಟರು!

ಇನ್ನು ವಾರ. ಹುಡುಕಿದರೆ ಜೆಲ್ಲರ್ ಸೂತ್ರ ಸಿಗುತ್ತದೆ. ಅದು ಸರಿಯಾದದ್ದೇ, ಆದರೆ ಅದರಲ್ಲಿ ಜನವರಿ, ಫೆಬ್ರವರಿಯನ್ನು ಹಿಂದಿನ ವರ್ಷದ 13, 14ನೇ ತಿಂಗಳು ಅಂತ ಎಣಿಸಬೇಕು. ಯಾಕೆ ಅಂತ ಯಾರಾದರೂ ಕೇಳಿದರೆ ನೀವು ಸಿಕ್ಕಿಬೀಳುತ್ತೀರಿ. ನನಗೆ ಇಷ್ಟವಾದ ದಾರಿ ಬೇರೆ. 365 ಅಂದರೆ 52 ವಾರ ಮತ್ತು ಒಂದು ದಿನ. ಅಂದರೆ ಪ್ರತಿ ವರ್ಷ ಜನವರಿ 1 ವಾರದಲ್ಲಿ ಒಂದು ದಿನ ಮುಂದೆ ಹೋಗುತ್ತದೆ, ಅಧಿಕ ವರ್ಷ ಕಳೆದ ಮೇಲೆ ಎರಡು ದಿನ. ಇದನ್ನೇ ಒಂದು ಸಾಲಲ್ಲಿ ಬರೆಯಬಹುದು. ‘ಹಿಂದಿನ’ ಅನ್ನುವುದು ಬೇಕಾದ ಇಸವಿಯಲ್ಲಿ ಒಂದು ಕಳೆದದ್ದು:

ಆರಂಭ = (1 + ಹಿಂದಿನ + ಹಿಂದಿನ/4 - ಹಿಂದಿನ/100 + ಹಿಂದಿನ/400) % 7

ಉತ್ತರ 0 ಬಂದರೆ ಭಾನುವಾರ, 6 ಬಂದರೆ ಶನಿವಾರ. ವೇರಿಯಬಲ್‌ಗಳೆಲ್ಲ ಇಂಟ್, ಅಂದರೆ ಪೂರ್ಣಾಂಕ, ಆಗಿರಲಿ. ಆಗ ಭಾಗಾಕಾರದಲ್ಲಿ ದಶಮಾಂಶ ತಾನಾಗಿ ಉದುರಿಹೋಗುತ್ತದೆ, ನಮಗೆ ಬೇಕಾದದ್ದೂ ಅದೇ. 2026ಕ್ಕೆ ಕೈಯಲ್ಲೇ ಮಾಡಿ ನೋಡೋಣ. 1 + 2025 + 506 - 20 + 5 ಅಂದರೆ 2517. ಏಳರಿಂದ ಭಾಗಿಸಿದರೆ ಶೇಷ 4, ಗುರುವಾರ. ಗೋಡೆಯ ಕ್ಯಾಲೆಂಡರ್ ತೆಗೆದು ನೋಡಿ, ಸರಿ ಇದೆ ಅಲ್ವಾ?

ಈ ಲೆಕ್ಕ ವರ್ಷಕ್ಕೆ ಒಂದೇ ಸಲ ಸಾಕು. ಒಂದು ತಿಂಗಳು ಮುಗಿದ ಮೇಲೆ ಆರಂಭಕ್ಕೆ ಆ ತಿಂಗಳ ದಿನಗಳನ್ನು ಕೂಡಿಸಿ, ಏಳರಿಂದ ಭಾಗಿಸಿ ಶೇಷ ತೆಗೆದರೆ ಮುಂದಿನ ತಿಂಗಳ ಆರಂಭ ಸಿಗುತ್ತದೆ.

ಪ್ರಿಂಟ್ ಮಾಡುವಾಗ ಪ್ರತಿ ತಾರೀಖಿಗೂ ನಾಲ್ಕು ಅಕ್ಷರದ ಅಗಲ ಕೊಡಿ. ಮೊದಲು ಅದೇ ಅಗಲದ ಖಾಲಿ ಮನೆಗಳು ‘ಆರಂಭ’ದಷ್ಟು, ಆಮೇಲೆ 1ರಿಂದ ಲೂಪ್. (ಆರಂಭ + ತಾರೀಖು) % 7 ಸೊನ್ನೆಯಾದರೆ ಅದು ಶನಿವಾರ, ಹೊಸ ಸಾಲಿಗೆ ಹೋಗಿ. ತಿಂಗಳ ಕೊನೆಯಲ್ಲಿ ಇನ್ನೊಂದು ಹೊಸ ಸಾಲು ಹಾಕುವ ಮುಂಚೆ, ಕೊನೆಯ ದಿನವೇ ಶನಿವಾರ ಆಗಿತ್ತಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಒಂದು ಖಾಲಿ ಸಾಲು ಜಾಸ್ತಿ ಬರುತ್ತದೆ.

ಇದನ್ನು ಪರೀಕ್ಷಿಸಲು 2026 ಒಳ್ಳೆಯ ವರ್ಷ. ಫೆಬ್ರವರಿ ಭಾನುವಾರ ಶುರುವಾಗಿ 28ನೇ ತಾರೀಖು ಶನಿವಾರ ಮುಗಿಯುತ್ತದೆ, ಸರಿಯಾಗಿ ನಾಲ್ಕೇ ಸಾಲು. ಆಗಸ್ಟ್ ಶನಿವಾರ ಶುರುವಾಗುವುದರಿಂದ ಆರು ಸಾಲು ಬೇಕು. ಗೋಡೆ ಕ್ಯಾಲೆಂಡರ್‌ನವರು ಎಷ್ಟೋ ಸಲ ಜಾಗ ಸಾಲದೆ 23ರ ಮನೆಯಲ್ಲೇ 30 ಅನ್ನೂ ತುರುಕುತ್ತಾರೆ. ನಿಮಗೆ ಆ ಕಷ್ಟ ಇಲ್ಲ. ಈ ಎರಡೂ ತಿಂಗಳು ಸರಿಯಾಗಿ ಬಂದರೆ ಉಳಿದವೂ ಬರುತ್ತವೆ. ಹಳೆಯದಕ್ಕೆ ಬೇಕಾದರೆ 1947ರ ಆಗಸ್ಟ್ 15 ಶುಕ್ರವಾರ, 1956ರ ನವೆಂಬರ್ 1 ಗುರುವಾರ. ಇವೆರಡನ್ನೂ ತಾಳೆ ನೋಡಿ.

1753ಕ್ಕಿಂತ ಹಿಂದಿನ ಇಸವಿ ಕೊಟ್ಟರೆ ‘ಆಗಲ್ಲ’ ಅಂದುಬಿಡಿ. 1752ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿತು, 2ನೇ ತಾರೀಖಿನ ಮರುದಿನವೇ 14. ಲಿನಕ್ಸ್‌ನಲ್ಲಿ ಕ್ಯಾಲೆಂಡರ್ ತೋರಿಸುವ ಕ್ಯಾಲ್ ಕಮಾಂಡ್‌ಗೆ ಆ ತಿಂಗಳು ಕೊಟ್ಟು ನೋಡಿ, ಮಧ್ಯದ ಹನ್ನೊಂದು ದಿನ ಮಾಯವಾಗಿರುತ್ತವೆ.

ವಾರಗಳ ಹೆಸರನ್ನು ಕನ್ನಡದಲ್ಲೇ ಹಾಕುವ ಆಸೆ ಬಂದರೆ ಒಂದು ತೊಡಕಿದೆ. ‘ಸೋಮ’, ‘ಶುಕ್ರ’ ಎರಡೂ ಕಣ್ಣಿಗೆ ಎರಡೆರಡು ಅಕ್ಷರ. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಸೋಮಕ್ಕೆ ಮೂರು ಸಂಕೇತ, ಶುಕ್ರಕ್ಕೆ ಐದು. ಕೊಂಬು, ವಿರಾಮ (್ ಚಿಹ್ನೆ) ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಸಿ ಭಾಷೆಯ ಪ್ರಿಂಟ್‌ಎಫ್ ಇನ್ನೂ ಕೆಳಗಿಳಿದು ಬೈಟ್ ಎಣಿಸುತ್ತದೆ, ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ನಲ್ಲಿ ಸೋಮಕ್ಕೆ 9, ಶುಕ್ರಕ್ಕೆ 15. ಅಗಲ ಎಷ್ಟೇ ಕೊಟ್ಟರೂ ಕಾಲಂಗಳು ಸೊಟ್ಟಗಾಗುತ್ತವೆ. ಮೊದಲ ಸಲಕ್ಕೆ ಭಾ, ಸೋ, ಮಂ, ಬು, ಗು, ಶು, ಶ ಅಂತ ಬರೆದು ನಡುವಿನ ಜಾಗವನ್ನು ನೀವೇ ಕೈಯಿಂದ ಹಾಕುವುದು ಮೇಲು.

ಯುಗಾದಿಯನ್ನೂ ಲೆಕ್ಕ ಹಾಕಿಸಬೇಕು ಅಂತ ಮಾತ್ರ ಹೋಗಬೇಡಿ. ತಿಥಿ ಬೇಕೆಂದರೆ ಸೂರ್ಯ, ಚಂದ್ರರ ಸ್ಥಾನ ಬೇಕು, ಜೊತೆಗೆ ಅಧಿಕ ಮಾಸದ ತಲೆನೋವು. ಅದರ ಬದಲು ಬ್ಯಾಂಕ್ ರಜೆಯ ಶನಿವಾರಗಳ ಪಕ್ಕ ಒಂದು ನಕ್ಷತ್ರ ಹಾಕಿಸಿ. ಎರಡನೇ ಶನಿವಾರ ಯಾವ ತಿಂಗಳಾದರೂ 8ರಿಂದ 14ರ ಒಳಗೇ ಬೀಳುತ್ತದೆ, ನಾಲ್ಕನೆಯದು 22ರಿಂದ 28ರ ಒಳಗೆ. ಶನಿವಾರಗಳನ್ನು ಎಣಿಸುವುದೇ ಬೇಡ, ಒಂದು ಇಫ್ ಸಾಕು.