ಬೆಂಕಿ ಆರಿಸುವ ಗ್ಯಾಸಿನಲ್ಲೇ ಮೆಗ್ನೀಸಿಯಂ ಉರಿಯುತ್ತದಾ?

ಕಾರ್ಬನ್ ಡೈಆಕ್ಸೈಡ್ ಬೆಂಕಿ ಆರಿಸುತ್ತದೆ, ಆದರೆ ಮೆಗ್ನೀಸಿಯಂ ಅದರೊಳಗೂ ಉರಿಯುತ್ತದಂತೆ, ನಿಜವಾ ಅಂತ ಕೇಳಿದ್ದೀರಿ. ನಿಜ. ನಾನು ಚಿಂತಾಮಣಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಯ ಮೊದಲ ಪಾಠದಲ್ಲೇ ಮೆಗ್ನೀಸಿಯಂ ಸುಡುವ ಪ್ರಯೋಗ ಇದೆ, ಅದರ ಜೊತೆಗೆ ಇದನ್ನೂ ತೋರಿಸಿಬಿಡುತ್ತೇನೆ.

ಜಗ್ಗಿನಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದರೆ ಬುಸ್ಸೆಂದು ಗ್ಯಾಸ್ ಬರುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ನೀರಿನ ಹಾಗೆ ಗಾಜಿನ ಬಾಟಲಿಗೆ ಬಗ್ಗಿಸಬಹುದು. ಉರಿಯುವ ಕಡ್ಡಿ ಇಳಿಬಿಟ್ಟೆವೋ, ತಕ್ಷಣ ಆರುತ್ತದೆ. ಈಗ ಮೆಗ್ನೀಸಿಯಂ ರಿಬ್ಬನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ, ಇಕ್ಕಳದಲ್ಲಿ ಹಿಡಿದು ಹೊತ್ತಿಸಿ ಒಳಗಿಡಿ. ಆರುವುದೇ ಇಲ್ಲ! ಚಟಪಟ ಸಿಡಿಯುತ್ತಾ ಉರಿಯುತ್ತದೆ. ಆ ಬೆಳಕನ್ನು ನೇರವಾಗಿ ನೋಡಬೇಡಿ, ಕಣ್ಣಿಗೆ ಕೆಟ್ಟದ್ದು.

ಗಾಳಿಯಲ್ಲಿ ಸುಟ್ಟರೆ ಬಿಳಿ ಬೂದಿ ಸಿಗುತ್ತದೆ. ಇಲ್ಲಿ ಬಿಳಿ ಬೂದಿಯ ಜೊತೆ ಬಾಟಲಿಯ ಗೋಡೆಗೆಲ್ಲ ಕರಿ ಚುಕ್ಕೆ. ಒಬ್ಬ ಹುಡುಗ 'ಸಾರ್, ಮಸಿ!' ಎಂದು ಕೂಗಿದ. ನಮ್ಮಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳೇ ಜಾಸ್ತಿ, ಆದರೆ ಮಸಿ ಎರಡು ಭಾಷೆಯಲ್ಲೂ ಮಸಿಯೇ. ಅದೇ ನಿಮ್ಮ ಉತ್ತರ. ಆ ಗ್ಯಾಸಿನಲ್ಲೂ ಆಮ್ಲಜನಕ ಇದೆ, ಆದರೆ ಇಂಗಾಲ ಅದನ್ನು ಗಟ್ಟಿಯಾಗಿ ಹಿಡಿದಿದೆ. ಕಡ್ಡಿಗೆ ಅದನ್ನು ಬಿಡಿಸಿಕೊಳ್ಳುವ ತಾಕತ್ತಿಲ್ಲ. ಮೆಗ್ನೀಸಿಯಂಗೆ ಇದೆ. ಆಮ್ಲಜನಕವನ್ನು ಕಿತ್ತುಕೊಂಡು ತಾನು ಬಿಳಿ ಆಕ್ಸೈಡ್ ಆಗುತ್ತದೆ, ಇಂಗಾಲ ಬರಿಗೈಯಲ್ಲಿ ಮಸಿಯಾಗಿ ಕೂರುತ್ತದೆ. ಲೆಕ್ಕ ಬೇಕಿದ್ದರೆ, 48 ಗ್ರಾಂ ಮೆಗ್ನೀಸಿಯಂ 44 ಗ್ರಾಂ ಗ್ಯಾಸಿನ ಜೊತೆ ಸೇರಿದರೆ 80 ಗ್ರಾಂ ಆಕ್ಸೈಡ್, 12 ಗ್ರಾಂ ಇಂಗಾಲ. ಬೂದಿಗೆ ಸ್ವಲ್ಪ ದುರ್ಬಲ ಆಮ್ಲ ಹಾಕಿ ನೋಡಿ. ಬಿಳಿ ಕರಗುತ್ತದೆ, ಕರಿ ಹಾಗೇ ಉಳಿಯುತ್ತದೆ.

ಮನೆಯಲ್ಲಿ ಸುಮ್ನೆ ಮಾಡಲು ಹೋಗಬೇಡಿ. ಮೊದಲ ಸಲ ನಾನು ಬಾಟಲಿಯ ತಳಕ್ಕೆ ಮರಳು ಹಾಕಿರಲಿಲ್ಲ. ಉರಿಯುವ ತುಣುಕು ಬಿದ್ದು ಗಾಜು ಟಪ್ಪೆಂದು ಸೀಳಿತು. ಮೆಗ್ನೀಸಿಯಂ ದೊಡ್ಡದಾಗಿ ಹೊತ್ತಿಕೊಂಡರೂ ಅಷ್ಟೇ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಉಪಯೋಗಕ್ಕೆ ಬರಲ್ಲ. ನೀರು ಹಾಕಿದರೆ ಹೈಡ್ರೋಜನ್ ಹುಟ್ಟಿ ಇನ್ನೂ ಜೋರಾಗುತ್ತದೆ. ಒಣ ಮರಳೇ ಬೇಕು. ಈಗ ಪ್ರಯೋಗದ ದಿನ ಮೇಜಿನ ಪಕ್ಕ ಒಂದು ಬಕೆಟ್ ಇಟ್ಟುಕೊಂಡೇ ಶುರು ಮಾಡುತ್ತೇನೆ.